ಕೋಲಾರದ ಶನಿವಾರದ ಬೈಬಲ್ ತರಗತಿ: ಹಿರಿಮಗನಿಗೂ ಒಂದು ಪೂರ್ತಿ ಸಂಜೆ

'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ನಾವು ಚಿಕ್ಕಂದಿನಿಂದ ಹೇಳುತ್ತೇವೆ. ಬಾಯಿಪಾಠ ಆಗಿಹೋಗಿದೆ. ಆದರೆ ಆ ತಂದೆಗೆ ನನ್ನ ಮೇಲೆ ಪ್ರೀತಿ ಇದೆ ಅನ್ನುವುದು ಎಷ್ಟು ಜನರ ಮನಸ್ಸಿಗೆ ಇಳಿದಿದೆ? ಕೋಲಾರ ಪೇಟೆಯ ಒಂದು ಕ್ರೈಸ್ತ ಸಭೆಯವರು, ಅಂದರೆ ಚರ್ಚಿನವರು, ಈ ಒಂದೇ ವಿಷಯ ಇಟ್ಟುಕೊಂಡು ಆರು ಶನಿವಾರ ತರಗತಿ ನಡೆಸುತ್ತಾರೆ. ಈ ಸಲದ್ದು ಮೊನ್ನೆ ಮುಗಿಯಿತು. ಹೋಗಲೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಖಂಡಿತ ಹೋಗಿ. ಒಂದು ಸಂಜೆಯ ಬಗ್ಗೆ ಮಾತ್ರ ನನಗೆ ತಕರಾರಿದೆ, ಅದನ್ನೂ ಹೇಳುತ್ತೇನೆ.

ಸಂಜೆ ಆರಕ್ಕೆ ಶುರು. ಏಳೂವರೆಗೆ ಮುಗಿಯಬೇಕು, ಮುಗಿಯುವುದಿಲ್ಲ. ಫೀಸು ಇಲ್ಲ. ವಾಕ್ಯಗಳ ಪಟ್ಟಿ ಇರುವ ಒಂದು ಸಣ್ಣ ಪುಸ್ತಕಕ್ಕೆ ನಲವತ್ತು ರೂಪಾಯಿ. ನಡುವೆ ಟೀ, ಬನ್ನು. ಬಂದವರಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲಿ ತೆಲುಗು ಇಲ್ಲವೇ ತಮಿಳು ಮಾತಾಡುವವರು. ಪಾಠ ಕನ್ನಡದಲ್ಲಿ, ಪ್ರಾರ್ಥನೆ ಮಾತ್ರ ಅವರವರ ಮನೆಮಾತಿನಲ್ಲಿ. ಇದು ನನಗೆ ತುಂಬಾ ಹಿಡಿಸಿತು.

ಮೊದಲನೇ ವಾರ ಹಳೆ ಒಡಂಬಡಿಕೆ, ಅಂದರೆ ಯೇಸುವಿಗೆ ಮುಂಚಿನ ಬೈಬಲ್ ಭಾಗ. ಅಲ್ಲಿ ದೇವರನ್ನು ತಂದೆ ಅಂತ ಕರೆಯುವ ಕಡೆಗಳು ಕಡಿಮೆ. ಧರ್ಮೋಪದೇಶಕಾಂಡ 32ನೇ ಅಧ್ಯಾಯ, ಯೆಶಾಯ 63 ಮತ್ತು 64, ಹೀಗೆ ಅಲ್ಲಲ್ಲಿ. ಪಾಠ ಮಾಡುವ ಅಯ್ಯನವರು (ಸಭೆಯ ಪಾಸ್ಟರ್) ಹೆಚ್ಚು ಹೊತ್ತು ನಿಂತಿದ್ದು ಹೋಶೇಯ 11ರಲ್ಲಿ. ಎಫ್ರಾಯೀಮನಿಗೆ, ಅಂದರೆ ಇಸ್ರಾಯೇಲ್ ಜನರಿಗೆ, ನಡೆಯಲು ಕಲಿಸಿದವನು ನಾನು, ಕೈಯಲ್ಲಿ ಎತ್ತಿಕೊಂಡವನು ನಾನು, ಆದರೆ ಅವರನ್ನು ಗುಣಪಡಿಸಿದವನು ನಾನೇ ಅಂತ ಅವರಿಗೆ ತಿಳಿಯಲಿಲ್ಲ ಅಂತ ದೇವರು ಅಲ್ಲಿ ಹೇಳುತ್ತಾನೆ. ಕೆಜಿಎಫ್‌ನಿಂದ ಬರುತ್ತಿದ್ದ ಹಿರಿಯರೊಬ್ಬರು ಆಗ ಮಾತಾಡಿದರು. ಅವರ ತಂದೆ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರಂತೆ. 2001ರಲ್ಲಿ ಗಣಿ ಮುಚ್ಚುವುದಕ್ಕೆ ಎಷ್ಟೋ ಮುಂಚಿನ ಮಾತು. ರಾತ್ರಿ ಶಿಫ್ಟು. ಮಕ್ಕಳು ಎದ್ದಾಗ ಅಪ್ಪ ಮಲಗಿರುತ್ತಿದ್ದರು, ಅಪ್ಪ ಹೊರಟಾಗ ಮಕ್ಕಳು ಮಲಗಿರುತ್ತಿದ್ದರು. ಹೊರಡುವ ಮುಂಚೆ ಒಬ್ಬೊಬ್ಬರ ಕಂಬಳಿ ಸರಿಮಾಡಿ ಹೋಗುತ್ತಿದ್ದರು ಅನ್ನುವುದು ಅಪ್ಪ ತೀರಿಕೊಂಡ ಮೇಲೆ ಅಮ್ಮ ಹೇಳಿ ಗೊತ್ತಾಯಿತಂತೆ. ಅಯ್ಯನವರು ಅದಕ್ಕೆ ಏನೂ ಸೇರಿಸಲಿಲ್ಲ. ಆ ವಾಕ್ಯವನ್ನೇ ಇನ್ನೊಂದು ಸಲ ಓದಿದರು.

ಎರಡನೇ ವಾರ ಯೇಸು. 'ನಮಗೆ ತಂದೆಯನ್ನು ತೋರಿಸು' ಅಂತ ಶಿಷ್ಯ ಫಿಲಿಪ್ಪ ಕೇಳುತ್ತಾನಲ್ಲ, ಯೋಹಾನ 14ರಲ್ಲಿ. ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ ಅನ್ನುವುದು ಯೇಸುವಿನ ಉತ್ತರ. ಇಡೀ ತರಗತಿ ನಿಂತಿರುವುದು ಇದರ ಮೇಲೆ. ನಮ್ಮ ನಮ್ಮ ಅಪ್ಪಂದಿರನ್ನು ನೋಡಿ ದೇವರು ಹೇಗಿದ್ದಾನೆ ಅಂತ ಅಳೆಯಬೇಡಿ, ಮಗನಾದ ಯೇಸುವನ್ನು ನೋಡಿ ತಿಳಿದುಕೊಳ್ಳಿ ಅಂದರು ಅಯ್ಯನವರು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಗೆತ್ಸೇಮನೆ ತೋಟದಲ್ಲಿ ಸಂಕಟಪಟ್ಟು ಮಾಡಿದ ಪ್ರಾರ್ಥನೆಯನ್ನೂ ಅದೇ ಸಂಜೆ ಓದಿದೆವು. ತಂದೆಗೆ ಪ್ರೀತಿಯಿದ್ದರೆ ನಮಗೆ ಕಷ್ಟವೇ ಬರಬಾರದು ಅಂದುಕೊಂಡವರಿಗೆ ಆ ಓದು ಬೇಕೇ ಬೇಕು.

ಮೂರು, ನಾಲ್ಕನೇ ವಾರ ಲೂಕ 15. ತರಗತಿಯ ಜೀವ ಇಲ್ಲಿದೆ.

ಯೇಸು ಹೇಳಿದ ಕಿರಿಮಗನ ಕಥೆ ಗೊತ್ತಿಲ್ಲದ ಕ್ರೈಸ್ತರಿಲ್ಲ: ಆಸ್ತಿಯ ಭಾಗ ಕೇಳಿ ತೆಗೆದುಕೊಂಡು ದೂರದೇಶಕ್ಕೆ ಹೋಗಿ ಎಲ್ಲಾ ಹಾಳುಮಾಡಿಕೊಂಡವನು ಹಸಿದು ಅಪ್ಪನ ಮನೆಗೆ ಮರಳುತ್ತಾನೆ, ಅಪ್ಪ ಔತಣ ಮಾಡಿಸುತ್ತಾನೆ, ಮನೆಯಲ್ಲೇ ದುಡಿಯುತ್ತಿದ್ದ ಹಿರಿಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅಪ್ಪ ಬದುಕಿರುವಾಗಲೇ ಭಾಗ ಕೇಳುವುದು ಅಂದರೆ ಏನು ಅಂತ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ನಾನು ಗಮನಿಸದೇ ಇದ್ದ ಒಂದು ವಿಷಯವನ್ನು ತೋರಿಸಿಕೊಟ್ಟರು. ಮಗ ದೂರದಲ್ಲೇ ಮಾತು ಸಿದ್ಧ ಮಾಡಿಕೊಂಡಿದ್ದ: ಪಾಪ ಮಾಡಿದೆ, ಮಗ ಅನ್ನಿಸಿಕೊಳ್ಳಲು ಲಾಯಕ್ಕಲ್ಲ, ಕೂಲಿಯಾಳಾಗಿ ಇಟ್ಟುಕೋ. ಮನೆ ಹತ್ತಿರ ಬಂದಾಗ ಮೊದಲೆರಡು ಮಾತು ಹೇಳುತ್ತಾನೆ. ಮೂರನೆಯದು ಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಆಳುಗಳನ್ನು ಕರೆದು ನಿಲುವಂಗಿ ತನ್ನಿ, ಉಂಗುರ ತೊಡಿಸಿ, ಜೋಡು ಮೆಡಿಸಿ ಅನ್ನುತ್ತಿದ್ದಾನೆ. 19ನೇ ವಚನವನ್ನೂ 21ನೇ ವಚನವನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ. ಕೂಲಿಯ ಮಾತು ತಂದೆಯ ಕಿವಿಗೆ ಬೀಳಲೇ ಇಲ್ಲ.

ಹಿರಿಮಗನನ್ನು ಸಾಮಾನ್ಯವಾಗಿ ಪ್ರಸಂಗದ ಕೊನೆಯ ಐದು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಇಲ್ಲಿ ಅವನಿಗೆ ಒಂದು ಪೂರ್ತಿ ಸಂಜೆ. ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹದಿನೈದು ಕೆಜಿ ಬಾಕ್ಸಿಗೆ ಇಷ್ಟು, ಹಮಾಲಿ ಇಷ್ಟು, ಕಮಿಷನ್ ಇಷ್ಟು, ಗಾಡಿ ಬಾಡಿಗೆ ಇಷ್ಟು, ಕೊನೆಗೆ ರೈತನ ಕೈಗೆ ಇಷ್ಟು. ಹಿರಿಮಗ ಮಾತಾಡುವುದು ಹೀಗೇ. ಇಷ್ಟು ವರ್ಷ ದುಡಿದೆ, ಒಂದು ಅಪ್ಪಣೆ ಮೀರಿಲ್ಲ, ಗೆಳೆಯರ ಜೊತೆ ಸಂತೋಷಪಡಲಿ ಅಂತ ನನಗೊಂದು ಆಡಿನ ಮರಿಯನ್ನೂ ನೀನು ಕೊಡಲಿಲ್ಲ. ಕಿರಿಯವನು ಹಂದಿ ಕಾಯ್ದು ಬಂದವನಾದರೂ ಬಾಯ್ತುಂಬ 'ಅಪ್ಪಾ' ಅನ್ನುತ್ತಾನೆ. ಮನೆಯಲ್ಲೇ ಇದ್ದ ಹಿರಿಯವನು ಒಮ್ಮೆಯೂ ಅನ್ನುವುದಿಲ್ಲ. ತಮ್ಮನನ್ನೂ 'ನಿನ್ನ ಈ ಮಗ' ಅಂತ ದೂರ ಇಡುತ್ತಾನೆ.

ಸಭೆಯಲ್ಲೇ ಹುಟ್ಟಿ ಬೆಳೆದ ನಮ್ಮಂಥವರು ಎಷ್ಟೋ ಜನ ಇಲ್ಲೇ ನಿಂತಿದ್ದೇವೆ. ಭಾನುವಾರ ತಪ್ಪಿಸುವುದಿಲ್ಲ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಡುತ್ತೇವೆ, ಉಪವಾಸ ಮಾಡುತ್ತೇವೆ. ಮಗುವಿಗೆ ಕಾಯಿಲೆ ಬಂದಾಗ, ಕೊಳವೆಬಾವಿ ಬತ್ತಿದಾಗ, ಇಷ್ಟೆಲ್ಲಾ ಮಾಡಿದ್ದಕ್ಕೆ ಇದಾ ಅಂತ ಒಳಗೊಳಗೇ ಕೇಳುತ್ತೇವೆ. ಅಂಥ ಮಗನಿಗೆ ತಂದೆ ಬೈಯುವುದಿಲ್ಲ. ಕಿರಿಯವನಿಗಾಗಿ ಓಡಿ ಹೋದವನು ಇವನಿಗಾಗಿಯೂ ಊಟ ಬಿಟ್ಟು ಹೊರಗೆ ಬರುತ್ತಾನೆ, ಬೇಡಿಕೊಳ್ಳುತ್ತಾನೆ. ನೀನು ಯಾವಾಗಲೂ ನನ್ನ ಜೊತೆ ಇದ್ದೀಯ, ನನ್ನದೆಲ್ಲಾ ನಿನ್ನದೇ ಅನ್ನುತ್ತಾನೆ. ಹಿರಿಮಗ ಒಳಗೆ ಹೋದನೋ ಇಲ್ಲವೋ ಅಂತ ಯೇಸು ಹೇಳಲಿಲ್ಲ. ಯೇಸು ಪಾಪಿಗಳ ಜೊತೆ ಊಟಕ್ಕೆ ಕೂರುತ್ತಾನೆ ಅಂತ ಗೊಣಗುತ್ತಿದ್ದ ಫರಿಸಾಯರ (ಧರ್ಮದ ನೇಮ ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯರ) ಎದುರಿಗೇ ಆ ಕಥೆ ಹೇಳಿದ್ದು ಅಲ್ವಾ. ಒಳಗೆ ಹೋಗಬೇಕಾದವರು ಅವರೇ. ಆ ಸಂಜೆಗಾಗಿ ಅಯ್ಯನವರಿಗೆ ನಾನು ಋಣಿ.

ಐದನೇ ವಾರ ನನಗೆ ಬೇಸರ ತಂದಿತು. ಬೇರೆ ಊರಿಂದ ಬಂದಿದ್ದ ಪ್ರಸಂಗಿಯೊಬ್ಬರು ತಂದೆಯ ಶಿಕ್ಷೆಯ ಬಗ್ಗೆ ಮಾತಾಡಿದರು. ಹೆತ್ತ ಅಪ್ಪನನ್ನು ಪ್ರೀತಿಸಲಾರದವರಿಗೆ ಪರಲೋಕದ ತಂದೆ ಅರ್ಥವಾಗುವುದಿಲ್ಲ, ಈಗಲೇ ಕ್ಷಮಿಸಿ, ಈಗಲೇ ಕೈ ಎತ್ತಿ ಅಂದರು. ನಮ್ಮ ಸಾಲಿನಲ್ಲಿದ್ದ ಒಬ್ಬ ಹುಡುಗಿ ಬ್ಯಾಗು ತೆಗೆದುಕೊಂಡು ಎದ್ದು ಹೋದಳು. ಕುಡಿದು ಬಂದು ಹೊಡೆಯುವ ಅಪ್ಪನ ಕೈಯಲ್ಲಿ ಬೆಳೆದವರಿಗೆ ಇಂಥ ಮಾತು ಗಾಯಕ್ಕೆ ಗಾಯ ಸೇರಿಸುತ್ತದೆ. ವಾಕ್ಯ ಹಾಗೆ ಹೇಳುವುದೂ ಇಲ್ಲ. ಇಬ್ರಿಯರಿಗೆ 12ರಲ್ಲೇ ನೋಡಿ. ನಮ್ಮ ಅಪ್ಪಂದಿರು ತಮಗೆ ಸರಿ ಕಂಡ ಹಾಗೆ ಶಿಕ್ಷಿಸಿದರು, ದೇವರು ಶಿಕ್ಷಿಸುವುದು ನಮ್ಮ ಹಿತಕ್ಕಾಗಿ ಅಂತ ಎರಡನ್ನೂ ಬೇರೆ ಮಾಡಿಯೇ ಬರೆದಿದೆ. ತಂದೆತಾಯಿ ತೊರೆದುಬಿಟ್ಟರೂ ಯೆಹೋವನು ನನ್ನನ್ನು ಸೇರಿಸಿಕೊಳ್ಳುತ್ತಾನೆ ಅನ್ನುವ ಕೀರ್ತನೆ 27 ಇರುವುದು ಅಂಥವರಿಗಾಗಿ. ನಲವತ್ತು ರೂಪಾಯಿಯ ಪುಸ್ತಕದಲ್ಲಿ ಆ ಕೀರ್ತನೆ ಇದೆ, ಆ ಸಂಜೆ ಯಾರೂ ತೆರೆಯಲಿಲ್ಲ. ಕ್ಷಮೆ ಬೇಕು ನಿಜ. ಆದರೆ ಮೈಕ್ ಹಿಡಿದು ಅವಸರ ಮಾಡಿದರೆ ಅದು ಬರುವುದಿಲ್ಲ. ಮುಂದಿನ ವಾರ ನಾನು ಅಯ್ಯನವರಿಗೆ ಇದನ್ನು ನೇರವಾಗಿ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡರು. ಆ ಹುಡುಗಿಯ ಮನೆಗೆ ಅಮ್ಮನವರು (ಅಯ್ಯನವರ ಹೆಂಡತಿ) ಆಗಲೇ ಹೋಗಿ ಬಂದಿದ್ದರಂತೆ.

ಕೊನೆಯ ವಾರ ದತ್ತು, ರೋಮಾಪುರದವರಿಗೆ 8. ನಂಬಿದವರು ದೇವರಿಗೆ ದತ್ತುಮಕ್ಕಳು ಅಂತ ಪೌಲ ಅಲ್ಲಿ ಬರೆಯುತ್ತಾನೆ. ರೋಮಿನಲ್ಲಿ ದತ್ತು ಬಂದವನಿಗೆ ಮಗನ ಹಕ್ಕು, ಆಸ್ತಿ ಎಲ್ಲಾ ಸಿಗುತ್ತಿತ್ತು. ಕ್ರಿಸ್ಮಸ್ ಓದಿನಲ್ಲಿ ಬರುವ ಔಗುಸ್ತ ಚಕ್ರವರ್ತಿಯೇ ಜೂಲಿಯಸ್ ಸೀಸರನ ಉಯಿಲಿನ ಮೂಲಕ ದತ್ತುಮಗನಾದವನು ಅಂತ ಆವತ್ತು ತಿಳಿಯಿತು. ದತ್ತು ತೆಗೆದುಕೊಂಡ ತಾಯಿಯೊಬ್ಬರು ಎರಡು ಮಾತು ಹೇಳಿದರು. ರೇಷನ್ ಕಾರ್ಡಿನಲ್ಲಿ ತನ್ನ ಹೆಸರು ನೋಡಿದ ಮಗಳು ಅದನ್ನು ಶಾಲೆಗೆ ಒಯ್ಯುತ್ತೇನೆ ಅಂತ ಹಟ ಹಿಡಿದಿದ್ದಳಂತೆ.

ಮುಂದಿನ ಸಲ ಹೋಗುವವರಿಗೆ: ಬೈಬಲ್ ನೀವೇ ಒಯ್ಯಿರಿ, ಅಲ್ಲಿಯವು ಸಾಲುವುದಿಲ್ಲ. ಪುಸ್ತಕದ ಅಕ್ಷರ ಸಣ್ಣದು, ವಯಸ್ಸಾದವರಿಗೆ ಕಷ್ಟ. ಹಿಂದಿನ ಸಾಲಿಗೆ ಫ್ಯಾನಿನ ಸದ್ದೇ ಜಾಸ್ತಿ, ಮುಂದೆ ಕೂತುಕೊಳ್ಳಿ. ಮುಳಬಾಗಿಲು, ಶ್ರೀನಿವಾಸಪುರ ಕಡೆಯವರು ಬಸ್ ಹೊತ್ತು ನೋಡಿಕೊಂಡು ಬನ್ನಿ. ತಡವಾಗುತ್ತದೆ ಅಂತ ಮೊದಲೇ ಹೇಳಿದರೆ ನಿಮ್ಮ ಪ್ರಶ್ನೆಯನ್ನು ಟೀಗೆ ಮುಂಚೆಯೇ ತೆಗೆದುಕೊಳ್ಳುತ್ತಾರೆ.