‘ಹಾರ್ಮೋನ್ ಇಲ್ಲ, ಸೈಡ್ ಎಫೆಕ್ಟ್ ಇಲ್ಲ’ ಅಂತ ಮಾರುವ ಪುಡಿ ಕೊಳ್ಳಬೇಡಿ

ಮೆನೋಪಾಸ್‌ನ, ಅಂದರೆ ಮುಟ್ಟು ನಿಲ್ಲುವ ಕಾಲದ ಬಿಸಿಗೆ ಪುಡಿ ಉಂಟು ಅಂತ ಯಾರಾದರೂ ನಿಮ್ಮ ಅಪಾರ್ಟ್‌ಮೆಂಟಿಗೋ ಮಹಿಳಾ ಮಂಡಲಕ್ಕೋ ಬಂದರೆ ದಯವಿಟ್ಟು ಇದನ್ನು ಒಮ್ಮೆ ಓದಿ. ಮಂಗಳೂರಿನಲ್ಲಿ ನನ್ನ ಅಕ್ಕನಿಗೆ ಆದದ್ದು ಇದು. ಬರೆ, ಹೆಸರು ಮಾತ್ರ ಹಾಕಬೇಡ ಅಂತ ಅವಳೇ ಹೇಳಿದ್ದಾಳೆ.

ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ ಎಲ್ಲ ಮುಗಿದು ಟಾಮೊಕ್ಸಿಫೆನ್ ಮಾತ್ರೆ ಶುರುವಾಗಿತ್ತು. ಅದನ್ನು 5 ವರ್ಷ, ಕೆಲವರಿಗೆ 10 ವರ್ಷದವರೆಗೂ ಕೊಡುತ್ತಾರೆ. ಮೈ ಬಿಸಿಯೇರುವುದು ಆ ಮಾತ್ರೆ ತಗೊಳ್ಳುವ ತುಂಬಾ ಜನರಿಗೆ ಆಗುತ್ತದೆ. ಅವಳಿಗೆ ಮುಟ್ಟು ನಿಂತದ್ದರ ಬಿಸಿಯೂ ಸೇರಿತ್ತು. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಇಳಿದಾಗ ಮೈಯ ಉಷ್ಣತೆ ನೋಡಿಕೊಳ್ಳುವ ಮೆದುಳಿನ ಭಾಗಕ್ಕೆ ಸಣ್ಣ ಏರುಪೇರೂ ತಡೆಯುವುದಿಲ್ಲವಂತೆ. ಕೂಡಲೇ ಎದೆಯಿಂದ ಕುತ್ತಿಗೆ, ಮುಖಕ್ಕೆ ಬಿಸಿ ಹತ್ತಿ, ಎದೆ ಡವಡವ ಹೊಡೆದು, ಬೆವರು ಇಳಿದು, ಕೆಲವೇ ನಿಮಿಷದಲ್ಲಿ ಚಳಿ ಆಗುತ್ತದೆ. ನಮ್ಮೂರಿನ ಏಪ್ರಿಲ್, ಮೇ ಸೆಕೆಯಲ್ಲಿ ಆ ಬೆವರು ಒಣಗುವುದೂ ಇಲ್ಲ. ರಾತ್ರಿಯೆಲ್ಲ ಎದ್ದು ನೈಟಿ ಬದಲಾಯಿಸಿ ಬದಲಾಯಿಸಿ ನಿದ್ದೆ ಇಲ್ಲದೆ ಅವಳು ಸೋತು ಹೋಗಿದ್ದಳು. ಅವಳದ್ದು ಈಸ್ಟ್ರೋಜನ್‌ನಿಂದ ಬೆಳೆಯುವ ಬಗೆಯ ಕ್ಯಾನ್ಸರ್ ಆದ ಕಾರಣ ಈ ಬಿಸಿಗೆ ಕೊಡುವ ಹಾರ್ಮೋನ್ ಚಿಕಿತ್ಸೆಯನ್ನು ಅವಳಿಗೆ ಕೊಡುವ ಹಾಗೇ ಇರಲಿಲ್ಲ.

ಆಗ ಬಂದದ್ದು ‘ಉಚಿತ ಆರೋಗ್ಯ ತಪಾಸಣೆ’. ಕೈಯಲ್ಲಿ ಒಂದು ಲೋಹದ ಕೋಲು ಹಿಡಿಸಿದರು, ಲ್ಯಾಪ್‌ಟಾಪ್‌ನಿಂದ ಪುಟಗಟ್ಟಲೆ ರಿಪೋರ್ಟ್ ತೆಗೆದರು, ಹಾರ್ಮೋನ್ ಏರುಪೇರಾಗಿದೆ ಅಂದರು. ಒಂದು ಹನಿ ರಕ್ತ ತೆಗೆದಿಲ್ಲ. ಕೋಲು ಹಿಡಿದರೆ ಹಾರ್ಮೋನ್ ಗೊತ್ತಾಗುವುದಿಲ್ಲ, ಅದು ಶುದ್ಧ ಮೋಸ. ಅಕ್ಕ ತನ್ನ ಕ್ಯಾನ್ಸರ್ ವಿಷಯ, ಮಾತ್ರೆ ವಿಷಯ ಎಲ್ಲ ಬಿಡಿಸಿ ಹೇಳಿದ್ದಾಳೆ. ‘ಹಾಗಾದರೆ ನಿಮಗೆ ಇದೇ ಸರಿ ಅಕ್ಕ, ಇದರಲ್ಲಿ ಹಾರ್ಮೋನ್ ಇಲ್ಲ, ಬರೀ ಗಿಡಮೂಲಿಕೆ’ ಅಂದರಂತೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಬೇರೆ ದಾರಿ ಇಲ್ಲ ಅಂತ ಅವಳು ಅಂದುಕೊಂಡದ್ದು ಗೊತ್ತಿದ್ದೇ ಅವಳಿಗೆ ಪುಡಿ ಮಾರಿದರು.

ಮೊದಲು ಸ್ವಲ್ಪ ಕಡಿಮೆಯಾಯಿತು. ಇದು ನಿಮಗೂ ಆಗಬಹುದು, ಅದಕ್ಕೇ ಹೇಳುತ್ತೇನೆ. ಹಾಟ್ ಫ್ಲಶ್, ಅಂದರೆ ಈ ಮೈ ಬಿಸಿಯೇರುವುದರ ಬಗ್ಗೆ ನಡೆದ ಪರೀಕ್ಷೆಗಳಲ್ಲಿ ಔಷಧವೇ ಇಲ್ಲದ ಸುಳ್ಳು ಮಾತ್ರೆ ತಗೊಂಡವರಿಗೂ ಎಷ್ಟೋ ಕಡಿಮೆಯಾಗುತ್ತದೆ. ಹಾಗಾಗಿ ‘ನನಗೆ ಗುಣ ಸಿಕ್ಕಿತು’ ಅಂತ ಪಕ್ಕದ ಮನೆಯವರು ಹೇಳಿದರೆ ಅದು ಸುಳ್ಳಲ್ಲ, ಆದರೆ ಪುಡಿ ಒಳ್ಳೆಯದು ಅನ್ನುವುದಕ್ಕೆ ಅದು ಸಾಕ್ಷಿಯೂ ಅಲ್ಲ.

ಆಮೇಲೆ ಊಟ ಸೇರಲಿಲ್ಲ. ಗಂಜಿ ನೋಡಿದರೂ ವಾಕರಿಕೆ. ಮೈ ತುರಿಕೆ, ಮೂತ್ರ ಕಡು ಚಹಾದ ಬಣ್ಣ. ಮಾರಿದವರಿಗೆ ಫೋನ್ ಮಾಡಿದರೆ, ‘ಒಳಗಿನ ವಿಷ ಹೊರಗೆ ಬರ್ತಾ ಉಂಟು, ನಿಲ್ಲಿಸಬೇಡಿ, ಎರಡು ಚಮಚ ಮಾಡಿ’ ಅಂದರು! ಕಣ್ಣು ಹಳದಿಯಾದಾಗ ನೆಂಟರೆಲ್ಲ ಕಾಮಾಲೆಗೆ ನೆಲನೆಲ್ಲಿ ಕಷಾಯ ಕೊಡಿ, ಇಂಥ ಕಡೆ ಮದ್ದು ಕೊಡುತ್ತಾರೆ ಅಂತ ಶುರು ಮಾಡಿದರು. ಬಾವ ಯಾರ ಮಾತೂ ಕೇಳದೆ ಅವಳನ್ನು ನೇರ ಆಸ್ಪತ್ರೆಗೆ ಕರೆದುಕೊಂಡು ಹೋದರು. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ, ಸಾಮಾನ್ಯವಾಗಿ 40ರ ಆಸುಪಾಸು ಇರಬೇಕಾದದ್ದು 800 ದಾಟಿತ್ತು. ವೈರಸ್‌ನ ಕಾಮಾಲೆ ಅಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಪುಡಿ ಡಬ್ಬಿ ತನ್ನಿ ಅಂದರು ಡಾಕ್ಟರು. ಡಬ್ಬಿಯಲ್ಲಿ ಹಸಿರು ಎಲೆಯ ಚಿತ್ರ ಬಿಟ್ಟರೆ ಒಳಗೆ ಏನೇನಿದೆ ಅಂತ ಒಂದು ಸಾಲೂ ಇಲ್ಲ.

ಪುಡಿ ನಿಲ್ಲಿಸಿದ ಮೇಲೆ ಲಿವರ್ ನಿಧಾನವಾಗಿ ಸರಿಯಾಯಿತು. ಆದರೆ ಅಷ್ಟು ದಿನ ಟಾಮೊಕ್ಸಿಫೆನ್ ನಿಲ್ಲಿಸಬೇಕಾಯಿತು. ಕ್ಯಾನ್ಸರ್ ಮತ್ತೆ ಬಾರದಿರಲಿ ಅಂತ ಕೊಡುತ್ತಿದ್ದ ಮಾತ್ರೆ ಅದು. ಆ ವಾರಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಿಲ್ಲ.

ಗಿಡಮೂಲಿಕೆ ಅಂದರೆ ಹೆದರಿಕೆ ಇಲ್ಲ ಅಂದುಕೊಳ್ಳುವವರು ಜಾಸ್ತಿ, ಅಲ್ವಾ? ಅಶ್ವಗಂಧ, ಅಮೃತಬಳ್ಳಿ ತಗೊಂಡವರಲ್ಲೂ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಮೆನೋಪಾಸ್‌ಗೆ ಅಂತ ಹೊರದೇಶದಿಂದ ಬರುವ ಬ್ಲ್ಯಾಕ್ ಕೊಹೊಷ್ ಅನ್ನುವ ಮೂಲಿಕೆಯ ಕತೆಯೂ ಹಾಗೆಯೇ. ನಾನು ಆಯುರ್ವೇದವನ್ನು ಬೈಯುತ್ತಿಲ್ಲ. ಓದಿದ ವೈದ್ಯರು ನಾಡಿ ನೋಡಿ, ಚೀಟಿ ಬರೆದು ಕೊಡುವುದು ಬೇರೆ, ಟೇಬಲ್ ಹಾಕಿ ಡಬ್ಬಿ ಮಾರುವುದು ಬೇರೆ. ಯಾರು ಕೊಟ್ಟರೂ ಕ್ಯಾನ್ಸರ್ ಡಾಕ್ಟರಿಗೆ ಹೇಳದೆ ಬಾಯಿಗೆ ಹಾಕಬೇಡಿ.

ಹಾರ್ಮೋನ್ ಇಲ್ಲದೆ ದಾರಿಯೇ ಇಲ್ಲ ಅನ್ನುವುದೂ ತಪ್ಪು. ಇದನ್ನು ಅಕ್ಕನಿಗೆ ಮೊದಲೇ ಯಾರಾದರೂ ಕೂರಿಸಿ ಹೇಳಿದ್ದರೆ ಆ ಪುಡಿಯವರ ಮಾತಿಗೆ ಅವಳು ಕಿವಿ ಕೊಡುತ್ತಿರಲಿಲ್ಲ. ಬಿಸಿಗೆ ವೆನ್ಲಾಫಾಕ್ಸಿನ್ ಅನ್ನುವ ಮಾತ್ರೆ ಉಂಟು, ರಾತ್ರಿ ಬೆವರಿಗೆ ಗಾಬಾಪೆಂಟಿನ್ ಉಂಟು, ಮೂತ್ರದ ತೊಂದರೆಗೆ ಕೊಡುವ ಆಕ್ಸಿಬ್ಯುಟಿನಿನ್ ಕೂಡ ಉಪಯೋಗಕ್ಕೆ ಬರುತ್ತದೆ. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಕೊಟ್ಟ ಸಲಹೆಯಲ್ಲಿ ಇವೆಲ್ಲ ಇವೆ, ಸಿಬಿಟಿ ಅನ್ನುವ ಆಪ್ತಸಮಾಲೋಚನೆಯೂ ಇದೆ. ಗಿಡಮೂಲಿಕೆ ಪುಡಿ, ಸಪ್ಲಿಮೆಂಟ್ ಬೇಡ ಅಂತಲೇ ಅದರಲ್ಲಿ ಹೇಳಿದ್ದಾರೆ. ಈ ಮಾತ್ರೆಗಳಿಗೂ ಅಡ್ಡ ಪರಿಣಾಮ ಉಂಟು, ಗಾಬಾಪೆಂಟಿನ್‌ನಿಂದ ತಲೆ ತಿರುಗಬಹುದು, ಮಂಪರು ಬರಬಹುದು. ಆದರೆ ಅದನ್ನು ಮೊದಲೇ ಹೇಳಿ ಕೊಡುತ್ತಾರೆ.

ಟಾಮೊಕ್ಸಿಫೆನ್ ತಗೊಳ್ಳುವವರು ಇದನ್ನು ಬರೆದಿಟ್ಟುಕೊಳ್ಳಿ: ಪ್ಯಾರಾಕ್ಸೆಟಿನ್ ಹಾಟ್ ಫ್ಲಶ್‌ಗೆ ಕೊಡುವ ಮಾತ್ರೆಯೇ, ಆದರೆ ಟಾಮೊಕ್ಸಿಫೆನ್ ಲಿವರ್‌ನಲ್ಲಿ ಬದಲಾಗಿ ಕೆಲಸ ಮಾಡುವುದನ್ನು ಅದು ತಡೆಯುತ್ತದೆ. ಫ್ಲೂಆಕ್ಸೆಟಿನ್ ಕೂಡ ಹಾಗೆಯೇ. ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತಗೊಳ್ಳಬೇಡಿ. ಮುಟ್ಟು ನಿಂತ ಮೇಲೆ ಒಂದು ಕಲೆ ರಕ್ತ ಕಂಡರೂ ಕೂಡಲೇ ತೋರಿಸಿ, ‘ಕೆಟ್ಟ ರಕ್ತ ಹೋಗಲಿ’ ಅನ್ನುವವರ ಮಾತು ಕೇಳಬೇಡಿ.

ಈಗ ಅಕ್ಕ ಡಾಕ್ಟರು ಬರೆದುಕೊಟ್ಟ ವೆನ್ಲಾಫಾಕ್ಸಿನ್‌ನಲ್ಲಿದ್ದಾಳೆ. ಬಿಸಿ ಪೂರ್ತಿ ಹೋಗಿಲ್ಲ, ರಾತ್ರಿ ಮಲಗುವಷ್ಟಾಗಿದೆ. ಖರ್ಚಿನ ಚಿಂತೆ ಇರುವವರು ಮಂಗಳೂರಿನ ಲೇಡಿಗೋಷನ್‌ಗೆ ಹೋಗಿ ಕೇಳಬಹುದು, ಅದು ಹೆಂಗಸರದ್ದೇ ಸರ್ಕಾರಿ ಆಸ್ಪತ್ರೆ.

ನಿಮ್ಮ ಸಂಘದಲ್ಲಿ ಯಾರಾದರೂ ಇಂಥ ಶಿಬಿರ ಇಡಲು ಕೇಳಿದರೆ ಡಬ್ಬಿಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗಿರುವ ವಸ್ತುಗಳ ಪಟ್ಟಿ ತೋರಿಸಿ ಅನ್ನಿ. ಮುಟ್ಟಿನ ತೊಂದರೆ ಸರಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಮಾಡುವುದನ್ನೇ 1954ರ ಕಾನೂನು ತಡೆಯುತ್ತದೆ. ಈಗಾಗಲೇ ತಗೊಂಡು ತೊಂದರೆ ಆಗಿದ್ದರೆ ಡಬ್ಬಿ, ಬಿಲ್ಲು ಎಸೆಯಬೇಡಿ. ಔಷಧದ ಅಡ್ಡ ಪರಿಣಾಮ ತಿಳಿಸಲು 1800-180-3024, ದುಡ್ಡಿನ ಮೋಸಕ್ಕೆ ಗ್ರಾಹಕರ ಸಹಾಯವಾಣಿ 1915.