ಸಂಶೋಧನೆ ಸ್ವಂತದ್ದೋ, ಸಾರ್ವಜನಿಕ ಸಂಸ್ಥೆಯದ್ದೋ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸೌರ ಪಂಪಿನ ಕಂಟ್ರೋಲರ್ (ಫಲಕದ ವಿದ್ಯುತ್ತನ್ನು ಪಂಪಿಗೆ ಹೊಂದಿಸುವ ಸಾಧನ) ತಯಾರಿಸುವ ಸಣ್ಣ ಉದ್ದಿಮೆದಾರರು ಹೊಸ ಉತ್ಪನ್ನಕ್ಕೆ ಹಣ ಹೂಡುವ ಮುನ್ನ, ಸ್ವಂತ ಪ್ರಯೋಗಾಲಯ ಕಟ್ಟಬೇಕೋ, 2016ರಲ್ಲಿ ಆರಂಭವಾದ ಧಾರವಾಡದ ಐಐಟಿಯಂಥ ಸಾರ್ವಜನಿಕ ಸಂಸ್ಥೆಯೊಡನೆ ಕೈಜೋಡಿಸಬೇಕೋ ಎಂಬುದನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ.

ಸೌರಕೋಶ, ಬ್ಯಾಟರಿಗಳ ಮೂಲವಿಜ್ಞಾನದಲ್ಲಿ ಸಾರ್ವಜನಿಕ ಸಂಶೋಧನೆಯದೇ ಮೇಲುಗೈ. ಪರ್ಕ್ ಎಂಬ ಸೌರಕೋಶದ ವಿನ್ಯಾಸವು 1980ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡದ ಕೈಯಲ್ಲಿ ರೂಪುಗೊಂಡಿತಾದರೂ, ಕಂಪನಿಗಳು ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 2010ರ ದಶಕದಲ್ಲಿ. ಲಿಥಿಯಂ ಬ್ಯಾಟರಿಯ ಕೋಬಾಲ್ಟ್ ಕ್ಯಾಥೋಡ್ (ಧನ ವಿದ್ಯುದ್ವಾರ) 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಅವರ ತಂಡದಿಂದ ಬಂತು. ಸೋನಿ ಅಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅಷ್ಟು ವರ್ಷ ಲಾಭವಿಲ್ಲದೆ ಕಾಯುವ ಶಕ್ತಿ ಸಣ್ಣ ಕಂಪನಿಗೆ ಎಲ್ಲಿಂದ ಬರಬೇಕು?

ಸ್ವಂತ ಪ್ರಯೋಗದ ಬಲ ಬೇರೆಡೆ ಇದೆ. ನವಲಗುಂದದ ಎರೆಹೊಲದಲ್ಲಿ ಬೇಸಿಗೆಯ ಧೂಳು ಫಲಕದ ಕೆಳ ಅಂಚಿಗೆ ಪಟ್ಟಿಯಾಗಿ ಕೂತು, ಆ ಸಾಲಿನ ಕೋಶಗಳಿಗೆ ನೆರಳಾಗಿ, ಪಂಪಿನ ನೀರು ಕಡಿಮೆಯಾಗುವುದನ್ನು ರಿಪೇರಿಗೆ ಹೋದ ಮೆಕ್ಯಾನಿಕ್ಕೇ ಮೊದಲು ಕಾಣುತ್ತಾನೆ. ಇಂಥ ತೊಂದರೆಗೆ ತಕ್ಕಂತೆ ಕಂಟ್ರೋಲರನ್ನು ತಿದ್ದಲು ಸಂಸ್ಥೆಯೊಡನೆ ಒಪ್ಪಂದಪತ್ರಗಳ ದಾರಿ ಕಾಯುವುದು ತರವಲ್ಲ. ಆದ್ದರಿಂದ ಕಂಟ್ರೋಲರಿನ ತಂತ್ರಾಂಶವನ್ನು ಸ್ವಂತಕ್ಕೇ ಇಟ್ಟುಕೊಂಡು, ದುಬಾರಿ ಪರೀಕ್ಷೆಗಳಿಗೆ ಮಾತ್ರ ಸಂಸ್ಥೆಯ ಮೊರೆಹೋಗುವುದು ಲೇಸೆಂದು ನನ್ನ ಅಭಿಪ್ರಾಯ. ಪೇಟೆಂಟ್ ಯಾರದೆಂಬುದನ್ನು ಮೊದಲ ದಿನವೇ ಬರೆಸಿಕೊಳ್ಳಿ.