ಆರ್‌ಸಿ ಬಗ್ಗಿಯ ಕಿಲ್ ಸ್ವಿಚ್: ಎರಡು ವರ್ಷ ಬಳಸಿದ ಮೇಲೆ

ಕಾರ್ಬುರೇಟರ್ ಸೂಜಿ ತಿರುಗಿಸಿ ತಿರುಗಿಸಿ ನನ್ನ ಮೂರು ಭಾನುವಾರ ಹಾಳಾದವು. ಕಾರಣ ಈ 1,400 ರೂಪಾಯಿಯ ಪುಟ್ಟ ಡಬ್ಬಿ, ಅಂದರೆ ಗಾಡಿ ಕೈತಪ್ಪಿದಾಗ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್. ಆ ಸಿಟ್ಟಿಗೇ ಬರೆಯಲು ಕೂತಿದ್ದು.

ನನ್ನದು 26 ಸಿಸಿ ಟೂ ಸ್ಟ್ರೋಕ್ ಪೆಟ್ರೋಲ್ ಬಗ್ಗಿ, ಅಂದರೆ ರಿಮೋಟ್‌ನಲ್ಲಿ ಓಡಿಸುವ ಪುಟ್ಟ ಕಾರು, ಹತ್ತು ಕೆಜಿ ತೂಗುತ್ತದೆ. ಕಿಡಿ ಕೊಡುವುದು ಮ್ಯಾಗ್ನೆಟೋ, ಬ್ಯಾಟರಿ ಬೇಕಿಲ್ಲ. ಭಯ ಇರುವುದೇ ಅಲ್ಲಿ. ರಿಮೋಟ್‌ನ ಸಿಗ್ನಲ್ ಹಿಡಿಯುವ ರಿಸೀವರ್‌ನ ಬ್ಯಾಟರಿ ಸತ್ತರೂ ಇಂಜಿನ್ ಓಡುತ್ತಲೇ ಇರುತ್ತದೆ. ರಿಸೀವರ್‌ನಲ್ಲೇ ಫೇಲ್‌ಸೇಫ್ (ಸಿಗ್ನಲ್ ಹೋದರೆ ಮೊದಲೇ ಹೇಳಿಟ್ಟ ಸ್ಥಿತಿಗೆ ತರುವ ಏರ್ಪಾಡು) ಇದೆಯಲ್ಲ ಅಂತೀರಾ? ಥ್ರಾಟಲ್ ತಿರುಗಿಸುವ ಪುಟ್ಟ ಮೋಟರ್, ಆ ಸರ್ವೋಗೇ ಕರೆಂಟ್ ಇಲ್ಲದಿದ್ದರೆ ಥ್ರಾಟಲ್ ಮುಚ್ಚುವವರು ಯಾರು?

ನನ್ನ ಹಳೇ ಸ್ವಿಚ್‌ನಲ್ಲಿ ಬಟನ್ ಒತ್ತಿದರೆ ರಿಲೇ (ಕರೆಂಟಿನಿಂದ ಎಳೆಯುವ ಸ್ವಿಚ್) ಎಳೆದು, ಕಿಡಿ ಹುಟ್ಟಿಸುವ ಕಾಯಿಲ್‌ನ ಕಿಲ್ ವೈರನ್ನು ಅರ್ತ್ ಮಾಡಿ ಕಿಡಿ ನಿಲ್ಲಿಸುತ್ತಿತ್ತು. ಎಳೆಯಲೂ ಕರೆಂಟ್ ಬೇಕಲ್ವಾ! ಈ ಡಬ್ಬಿ ಉಲ್ಟಾ. ಕರೆಂಟ್ ಮತ್ತು ಸಿಗ್ನಲ್ ಎರಡೂ ಇರುವವರೆಗೆ ರಿಲೇ ಆ ವೈರನ್ನು ಬಿಡಿಸಿ ಹಿಡಿದಿರುತ್ತದೆ. ಒಂದು ಹೋದರೂ ಕೈಬಿಡುತ್ತದೆ, ಕಿಡಿ ನಿಲ್ಲುತ್ತದೆ. ಆದರೆ ಡಬ್ಬಿಗೆ ಸಿಗ್ನಲ್ ಕೊಡುವ ರಿಸೀವರ್‌ನ ಮೂರನೇ ಚಾನೆಲ್‌ಗೆ ಫೇಲ್‌ಸೇಫ್ ನೀವೇ ಹಾಕಿಕೊಳ್ಳಬೇಕು. ನನ್ನ ರಿಸೀವರ್ ಸಿಗ್ನಲ್ ಹೋದರೆ ಹಳೇ ಪಲ್ಸನ್ನೇ ಕಳಿಸುತ್ತಾ ಕೂರುತ್ತಿತ್ತು. ಡಬ್ಬಿ ಪಾಪ ಎಲ್ಲ ಸರಿ ಇದೆ ಅಂದುಕೊಳ್ಳುತ್ತಿತ್ತು.

ಈಗ ದೂರು. ಇದರಲ್ಲಿ ಲ್ಯಾಚ್ ಇಲ್ಲ, ಅಂದರೆ ರಿಲೇ ಒಮ್ಮೆ ಬಿಟ್ಟರೆ ತಾನಾಗಿ ಮತ್ತೆ ಹಿಡಿಯದಂತೆ ತಡೆಯುವುದು ಇಲ್ಲ. ತಿರುವಿನಲ್ಲಿ ಸ್ಟೀರಿಂಗ್ ಸರ್ವೋ ಜೋರಾಗಿ ಎಳೆದಾಗ ವೋಲ್ಟೇಜ್ ಕುಸಿದು ರಿಲೇ ಬಿಡುತ್ತಿತ್ತು, ಮರುಕ್ಷಣ ಮತ್ತೆ ಹಿಡಿಯುತ್ತಿತ್ತು. ಇಂಜಿನ್ ಇನ್ನೂ ಸುತ್ತುತ್ತಿರುವುದರಿಂದ ಮತ್ತೆ ಹೊತ್ತಿಕೊಳ್ಳುತ್ತಿತ್ತು. ನನಗೆ ಕೇಳಿಸಿದ್ದು ಬರೀ ಒಂದು ಮುಗ್ಗರಿಕೆ. ಪೆಟ್ರೋಲ್ ಕಮ್ಮಿ ಬರ್ತಿದೆ ಅಂತ ಸೂಜಿಗೆ ಕೈ ಹಾಕಿದೆ. ಕೊನೆಗೆ ಬಾಮೈದ ಬಗ್ಗಿ ಹಿಂದೆಯೇ ಬಗ್ಗಿಕೊಂಡು ಓಡಿ, "ಭಾವ, ಡಬ್ಬಿಯ ಕೆಂಪು ಲೈಟು ಮಿಣಿಮಿಣಿ ಅಂತಿದೆ" ಅಂದ. ಬ್ಯಾಟರಿ ಕನೆಕ್ಟರ್‌ನ ಒಂದು ಪಿನ್ ಸಡಿಲವಾಗಿತ್ತು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹೊಸದು ತಂದು ಹಾಕಿದೆ, ಮುಗಿಯಿತು.

ಆಗಲೇ ಸಿಟ್ಟು ಅರ್ಧ ಇಳಿದಿತ್ತು. ಉಳಿದದ್ದು ಹೋದ ಮಳೆಗಾಲದ ನಂತರ. ಖಾಲಿ ಲೇಔಟ್‌ನಲ್ಲಿ ಬಗ್ಗಿ ಹಾರಿ ಬಿದ್ದಾಗ ಬ್ಯಾಟರಿಯೇ ಕಿತ್ತು ಬಂತು. ಅರ್ಧ ಥ್ರಾಟಲ್, ಸ್ಟೀರಿಂಗ್ ಇಲ್ಲ, ಎದುರಿಗೆ ಹಸು ಮೇಯಿಸುತ್ತಿದ್ದ ಅಜ್ಜ. ಸದ್ದು ಅಲ್ಲೇ ನಿಂತಿತು. ಬ್ರೇಕೂ ಇಲ್ಲವಲ್ಲ, ಗಾಡಿ ಉರುಳುತ್ತಾ ಹೋಗಿ ಲಂಟಾನ ಪೊದೆಯಲ್ಲಿ ಸಿಕ್ಕಿಕೊಂಡಿತು. ಅಜ್ಜ ನೋಡಿದ್ದು ನನ್ನ ಕಡೆಗೆ, ಹಸು ಅದೂ ಇಲ್ಲ.

ಈಗ ಪ್ರತಿ ಸಲ ಓಡಿಸುವ ಮುಂಚೆ ಬಗ್ಗಿಯನ್ನು ಇಟ್ಟಿಗೆ ಮೇಲೆ ಇಡುತ್ತೇನೆ. ಚಕ್ರ ಗಾಳಿಯಲ್ಲಿ. ಹಗ್ಗ ಎಳೆದು ಸ್ಟಾರ್ಟ್ ಮಾಡಿ, ಕಾಲು ಥ್ರಾಟಲ್ ಕೊಟ್ಟು, ರಿಮೋಟ್ ಆಫ್. ಇಂಜಿನ್ ನಿಲ್ಲಬೇಕು. ಮತ್ತೆ ಸ್ಟಾರ್ಟ್, ಈ ಸಲ ಬ್ಯಾಟರಿ ಕೀಳುವುದು. ತೋಳು ನೋಯುತ್ತದೆ, ಆದರೂ ಬಿಡಲ್ಲ. ಕಾಯಿಲ್‌ನಿಂದ ಡಬ್ಬಿಗೆ ಬರುವ ವೈರೇ ತುಂಡಾದರೆ ಡಬ್ಬಿ ಏನೂ ಮಾಡಲಾರದು, ಅದು ಗೊತ್ತಾಗುವುದು ಹೀಗೇ.

ಐದಕ್ಕೆ ನಾಲ್ಕು. ಲ್ಯಾಚ್ ಇರುವುದು ಈ ಬೆಲೆಗೆ ಎಲ್ಲಾದರೂ ಸಿಕ್ಕರೆ ಹೇಳಿ. ಆಗಲೂ ಇದನ್ನು ಮಾರಲ್ಲ, ಬಾಮೈದನ ಗಾಡಿಗೆ ಹಾಕುತ್ತೇನೆ.